ಮೊರ್ವಾಲನ ಬೀಗರನ್ನು ಹುಡುಕಿದ ಮಾಲತಿ ಕಾಕು

ಮಾಲತಿ ಕಾಕುವಿಗೆ ನಿಮ್ಮ ಹೆಸರು ಬೇಕಿರಲಿಲ್ಲ. ತಾಯಿಯ ತವರು ಯಾವ ಊರು, ಅಜ್ಜಿಯ ತವರಿನ ಅಡ್ಡಹೆಸರೇನು, ಸೋದರಮಾವ ಯಾರ ಮನೆಯ ಅಳಿಯ, ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮ್ಮ ಪೂರ್ವೋತ್ತರವೆಲ್ಲ ಅವರ ಕೈಗೆ ಬಂದಂತೆ. ಲಂಡನ್ನಿನ ವೆಂಬ್ಲಿಯ ಶಾಲೆಯೊಂದರ ಹಾಲ್‌ನಲ್ಲಿ ಯುಗಾದಿಗೋ ದೀಪಾವಳಿಗೋ ಕನ್ನಡದವರು ಸೇರಿದಾಗ ಉಳಿದವರೆಲ್ಲ ಪೇಪರ್ ತಟ್ಟೆ ಹಿಡಿದು ಮನೆ ಬಾಡಿಗೆ, ಮಕ್ಕಳ ಶಾಲೆ ಎಂದು ಮಾತಾಡುತ್ತಿದ್ದರೆ, ಕಾಕು ಹೊಸದಾಗಿ ಬಂದವರನ್ನು ಮೂಲೆಯ ಕುರ್ಚಿಗೆ ಕರೆದೊಯ್ದು ವಿಚಾರಣೆ ಶುರು ಮಾಡುತ್ತಿದ್ದರು. "ಹಂಗಾದ್ರ ಹಾವೇರಿ ವಕೀಲರ ಎರಡನೇ ಮಗಳು ನಿಮಗ ಚಿಗವ್ವ ಆಗಬೇಕಲ್ಲ?" ಎಂದಾಗ ಎದುರಿಗಿದ್ದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಇನ್ನೊಂದು ಐದು ನಿಮಿಷಕ್ಕೆ ಹಾಲ್‌ನ ಆ ಮೂಲೆಯಲ್ಲಿ ಇಬ್ಬರು ಅಪರಿಚಿತರು ಷಡ್ಡಕರಾಗಿಯೋ ನೆಗೆಣ್ಣಿಯರಾಗಿಯೋ ಎದ್ದು ಬರುತ್ತಿದ್ದರು.

ನಾನು ಬೆಂಗಳೂರಿನ ಬಸವನಗುಡಿಯವಳು. ತೊಂಬತ್ತಾರರಲ್ಲಿ ಮದುವೆಯಾಗಿ ವೆಂಬ್ಲಿಗೆ ಬಂದಾಗ ನಮ್ಮ ಫ್ಲಾಟಿನ ಕೆಳಗಿನ ಫ್ಲಾಟ್ ಕಾಕು ಅವರದು. ಮೊದಲ ದಿನ ಸೌಜನ್ಯಕ್ಕೆಂದು ಆಂಟಿ ಎಂದೆ. "ಆಂಟಿ ಗೀಂಟಿ ಬ್ಯಾಡವಾ, ಕಾಕು ಅನ್ನು," ಎಂದು ತಿದ್ದಿ, ಕೈಗೆ ಚಹಾದ ಕಪ್ಪು ಕೊಟ್ಟರು. ಧಾರವಾಡದ ಮಾಳಮಡ್ಡಿಯವರು, ಆ ಕಡೆ ಚಿಕ್ಕಪ್ಪನ ಹೆಂಡತಿಗೆ ಕಾಕು ಎನ್ನುತ್ತಾರೆ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಒಬ್ಬನೇ ಮಗ ಲೀಡ್ಸ್‌ನಲ್ಲಿದ್ದ. ಕೌನ್ಸಿಲ್‌ನವರು ವಯಸ್ಸಾದವರ ಮನೆಗೆ ಸಹಾಯಕ್ಕೆ ಕಳಿಸುತ್ತಾರಲ್ಲ, ಆ ಕೆಲಸ ಇವರದು. ಐದಡಿಗೂ ಒಂದಿಂಚು ಕಡಿಮೆ ಇದ್ದ ಈ ಹೆಂಗಸು ಆರಡಿಯ ಮುದುಕರನ್ನು ಗದರಿಸಿ ಗುಳಿಗೆ ನುಂಗಿಸುತ್ತಿದ್ದರಂತೆ.

ಅವರ ಮನೆಯ ಮಂಚದ ಕೆಳಗೆ ವಾಲ್‌ಪೇಪರ್ ಸುರುಳಿಗಳಿದ್ದವು. ಯಾರೋ ಗೋಡೆಗೆ ಅಂಟಿಸಿ ಮಿಕ್ಕಿದ್ದನ್ನು ಚಾರಿಟಿ ಅಂಗಡಿಯಿಂದ ತರುತ್ತಿದ್ದರು. ಒಂದು ಬದಿಗೆ ಗುಲಾಬಿ ಹೂವು, ಇನ್ನೊಂದು ಬದಿಗೆ ವಂಶಾವಳಿ. ಧಾರವಾಡ, ಬೆಳಗಾವಿ, ವಿಜಯಪುರದ ಅದೆಷ್ಟೋ ಮನೆತನಗಳು ಆ ಹೂವುಗಳ ಬೆನ್ನ ಮೇಲೆ ಮಲಗಿದ್ದವು. ಗಂಡಸರ ಹೆಸರು ಪೆನ್ಸಿಲಿನಲ್ಲಿ, ಹೆಂಗಸರದು ಕೆಂಪು ಶಾಯಿಯಲ್ಲಿ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ಗಂಡಸರ ಹೆಸರು ಕಾಗದಪತ್ರದಾಗ ತಾವಾಗೇ ಇರತಾವ. ಹೆಣ್ಣುಮಕ್ಕಳನ್ನ ನಾವು ಹುಡಕಿ ತರಬೇಕು. ಹೆಣ್ಣು ಕೊಟ್ಟದ್ದು ತಂದದ್ದು ತಿಳೀದ ಯಾರ ಮನಿ ಕಥಿನೂ ತಿಳಿಯೂದಿಲ್ಲ," ಎಂದಿದ್ದರು.

ಇದು ಬರೀ ಹವ್ಯಾಸ ಎಂದುಕೊಂಡರೆ ತಪ್ಪು. ಲಂಡನ್ನಿನಲ್ಲಿ ಹೆಣ್ಣು ಗಂಡು ನೋಡುವ ನಮ್ಮ ಮನೆಗಳು ಕಾಕುವಿನ ಒಂದು ಮಾತಿಗೆ ಕಾಯುತ್ತಿದ್ದವು. ಒಮ್ಮೆ ಹುಡುಗನ ತಂದೆಯೊಬ್ಬರು ತಮ್ಮ ತಾಯಿ ಧಾರವಾಡದ ದೊಡ್ಡ ಮನೆತನದ ಮಗಳು ಎಂದು ಹೇಳಿಕೊಂಡು ತಿರುಗುತ್ತಿದ್ದರು. ಕಾಕು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಧಾರವಾಡಕ್ಕೆ ಮೂರು ಫೋನ್ ಮಾಡಿ, ಆಮೇಲೆ ಅವರ ಮನೆಗೇ ಹೋಗಿ, ಬಾಗಿಲು ಹಾಕಿಸಿ, "ನಿಮ್ಮ ತಾಯಿ ಆ ಮನ್ಯಾಗ ಬೆಳದಾರ, ಹುಟ್ಟಿಲ್ಲ. ಎರಡೂ ಮರ್ಯಾದಿದ್ದೇ. ಇದ್ದದ್ದು ಹೇಳ್ರಿ," ಎಂದು ಬಂದರಂತೆ. ಆ ಮದುವೆ ನಡೆಯಿತು. ಆ ತಂದೆ ಇವರನ್ನು ಎರಡು ವರ್ಷ ಮಾತಾಡಿಸಲಿಲ್ಲ.

ಇಂಥ ಕಾಕು ಹದಿನೆಂಟನೇ ಶತಮಾನದ ಫ್ರಾನ್ಸಿಗೆ ಹೋಗಿ ತಲುಪಿದ್ದು ಸ್ಟ್ಯಾನ್ಮೋರ್ ಮೂಲಕ. ವೆಂಬ್ಲಿ ಪಾರ್ಕಿನಿಂದ ಟ್ಯೂಬ್ ರೈಲಿನಲ್ಲಿ ನಾಲ್ಕನೇ ಸ್ಟೇಷನ್. ಅಲ್ಲಿ ಮಿಸ್ಟರ್ ಪೆಂಬರ್ಟನ್ ಎಂಬ, ಫ್ರೆಂಚ್ ಕಲಿಸಿ ನಿವೃತ್ತರಾದ ಮೇಷ್ಟ್ರು ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ, ಹತ್ತಿರದವರು ಅಂತ ಯಾರೂ ಇರಲಿಲ್ಲ. ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಕೌನ್ಸಿಲ್‌ನವರು ಕಾಕುವನ್ನು ಅಲ್ಲಿಗೆ ಕಳಿಸಿದ್ದು ಅಡಿಗೆ, ಔಷಧಿ, ಬಂದ ಟಪಾಲು ಓದಿ ಹೇಳುವುದು, ಇಷ್ಟಕ್ಕೆ.

"ಆ ಮುದುಕ ಮೂವತ್ತು ವರ್ಷದಿಂದ ಒಬ್ಬಾವನ ಬೆನ್ನ ಹತ್ಯಾನವಾ," ಎಂದು ಒಂದು ಸಂಜೆ ಕಾಕು ಬಂದು ವರದಿ ಒಪ್ಪಿಸಿದರು. ಆ ಒಬ್ಬಾವ ಮೊರ್ವಾಲ್. ಬೆಟ್ಟದ ಸೀಮೆಯ ಒಂದು ಹೆದ್ದಾರಿಯಲ್ಲಿ ಕುದುರೆ ಗಾಡಿಯವರಿಗೆ ಊಟ ವಸತಿ ಕೊಡುತ್ತಿದ್ದವನ ಮಗ. ಅಲ್ಲಿಂದ ಎದ್ದು ಬಂದು ರಾಜನ ಸೈನ್ಯಕ್ಕೆ ದವಸ ಒದಗಿಸಿ, ಉಪ್ಪಿನ ತೆರಿಗೆಯ ಗುತ್ತಿಗೆ ಹಿಡಿದು, ಕೊನೆಗೆ ರಾಜನೇ ಸಾಲಕ್ಕೆ ಕರೆಕಳಿಸುವಷ್ಟು ಬೆಳೆದವನು. ಹೇಗೆ ಬೆಳೆದ ಎನ್ನುವುದೇ ಪೆಂಬರ್ಟನ್ನರ ಪುಸ್ತಕ. ರಜೆ ಸಿಕ್ಕಾಗಲೆಲ್ಲ ಫ್ರಾನ್ಸಿಗೆ ಹೋಗಿ ಮದುವೆ ಕರಾರು, ಹೆಸರಿಡುವ ದಾಖಲೆ, ಉಯಿಲು ಎಲ್ಲವನ್ನೂ ಇಂಗ್ಲಿಷಿನಲ್ಲಿ ಸಣ್ಣ ರಟ್ಟುಗಳ ಮೇಲೆ ಬರೆದುಕೊಂಡು ಬಂದಿದ್ದರು. ಶೂ ಡಬ್ಬಿಗಳ ತುಂಬ ರಟ್ಟು. ಈಗ ತಾವು ಬರೆದದ್ದೇ ಅವರಿಗೆ ಕಾಣುತ್ತಿರಲಿಲ್ಲ.

ಕಾಕು ಓದಿ ಹೇಳತೊಡಗಿದರು. ಎರಡು ವಾರ ಸುಮ್ಮನೆ ಓದಿದರು. ಮೂರನೇ ವಾರ ಅವರ ಒಳಗಿನ ಮಾಳಮಡ್ಡಿ ಎಚ್ಚೆತ್ತಿತು. "ಖಾನಾವಳಿ ನಡಸೋರ ಮಗ ಮಂತ್ರಿ ಮನಿ ಹೊಸ್ತಲಾ ಹೆಂಗ ದಾಟ್ಯಾನು? ಯಾರೋ ಹೆಣ್ಣುಮಗಳು ಒಳಗ ಕರಕೊಂಡಿರಬೇಕು," ಎಂದು ನನ್ನೆದುರು ತರ್ಕ ಮಾಡಿದರು. ಮಾರನೆಯ ದಿನ ಪೆಂಬರ್ಟನ್ನರ ಅಪ್ಪಣೆ ಪಡೆದು, ಹುದ್ದೆ ಮತ್ತು ಇಸವಿಯ ಪ್ರಕಾರ ಜೋಡಿಸಿದ್ದ ರಟ್ಟುಗಳನ್ನೆಲ್ಲ ನೆಲಕ್ಕೆ ಸುರಿದು, ಹೆಂಗಸರ ಪ್ರಕಾರ ಜೋಡಿಸಿದರು. ಯಾರ ಮಗಳು, ಯಾರಿಗೆ ಕೊಟ್ಟರು, ಯಾರ ಕೂಸಿನ ಹೆಸರಿಡುವುದಕ್ಕೆ ಯಾರು ಬಂದರು.

ಹಾಗೆ ಜೋಡಿಸುವಾಗ ಸಿಕ್ಕಿದಾಕೆ ಮದಾಂ ಬ್ರೆಸ್ಸಾಕ್. ಮೊರ್ವಾಲನ ಒಡಹುಟ್ಟಿದವರ ಐದು ಮಕ್ಕಳಿಗೆ ಹೆಸರಿಡುವಾಗಲೂ ಆಕೆ ಸಾಕ್ಷಿಯಾಗಿ ಸಹಿ ಹಾಕಿದ್ದಳು. ಪೆಂಬರ್ಟನ್ ತಮ್ಮ ರಟ್ಟಿನ ಮೇಲೆ ಆಕೆಯ ಹೆಸರಿನ ಮುಂದೆ 'ವಿಧವೆ, ಮುಖ್ಯಳಲ್ಲ' ಎಂದು ಬರೆದುಕೊಂಡಿದ್ದರು.

"ಮುಖ್ಯ ಅಲ್ಲದಾಕಿ ಐದು ತೊಟ್ಟಲಕ್ಕ ಬರ್ತಾಳೇನು?" ಎಂದು ಕಾಕು ನನ್ನನ್ನೇ ದಬಾಯಿಸಿದರು, ನಾನೇ ಹಾಗೆ ಬರೆದವಳಂತೆ.

ಎರಡು ತಿಂಗಳ ಹುಡುಕಾಟದ ನಂತರ ತಿಳಿಯಿತು, ಆಕೆ ಯುದ್ಧಮಂತ್ರಿಯ ಕಾರ್ಯದರ್ಶಿಯ ಹೆಂಡತಿಗೆ ಸ್ವಂತ ಚಿಕ್ಕಮ್ಮ. ದವಸದ ಗುತ್ತಿಗೆ ಮೊರ್ವಾಲನ ಮನೆಗೆ ಬಂದ ದಾರಿ ಅದು. ಮೂವತ್ತು ವರ್ಷ ಗಂಡಸರ ಕಾಗದಗಳಲ್ಲಿ ಹುಡುಕಿದ್ದು ಹೆಂಗಸೊಬ್ಬಳ ಸಹಿಯಲ್ಲಿತ್ತು. ಪೆಂಬರ್ಟನ್ ಆ ದಿನ ಎದ್ದು ನಿಂತು ಕಾಕುವಿನ ಕೈ ಕುಲುಕಿದರಂತೆ. "ಮಿಸೆಸ್ ಕುಲಕರ್ಣಿ, ಪುಸ್ತಕದಲ್ಲಿ ವಂಶದ ನಕ್ಷೆ ನಿಮ್ಮದು. ಕೆಳಗೆ ನಿಮ್ಮ ಹೆಸರಿರುತ್ತದೆ," ಎಂದರಂತೆ.

ಅಂದಿನಿಂದ ಮುಂದಿನ ಆರು ವರ್ಷ ಕಾಕು ನಡೆದಾಡಿದ್ದು ನೆಲದ ಮೇಲಲ್ಲ. ಈಲಿಂಗ್ ರೋಡಿನ ತರಕಾರಿ ಅಂಗಡಿಯವನಿಗೂ ಗೊತ್ತಿತ್ತು, ಈ ಹೆಂಗಸಿನ ಹೆಸರು ಪುಸ್ತಕದಲ್ಲಿ ಬರುತ್ತದೆ ಎಂದು. ಹೆಸರು ಹೇಗೆ ಬರಬೇಕೆಂದು ನನ್ನ ಕಂಪ್ಯೂಟರಿನಲ್ಲಿ ನಾಲ್ಕಾರು ಥರ ಹೊಡೆಸಿ ನೋಡಿದರು. ಕೊನೆಗೆ ಆಯ್ದದ್ದು 'ಮಾಲತಿ ಕುಲಕರ್ಣಿ, ಧಾರವಾಡ'. ನೀವಿರುವುದು ವೆಂಬ್ಲಿಯಲ್ಲವೇ ಎಂದೆ. "ಇರೂದು ಇಲ್ಲೆ. ಕಲತದ್ದು ಅಲ್ಲೆ," ಎಂದರು. ಪುಸ್ತಕ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪೆಂಬರ್ಟನ್ ಹೇಳುವುದು, ಕಾಕು ಬರೆದುಕೊಳ್ಳುವುದು, ನಾನು ಟೈಪ್ ಮಾಡುವುದು. ಶನಿವಾರ ನಾನೂ ಸ್ಟ್ಯಾನ್ಮೋರಿಗೆ ಹೋಗುತ್ತಿದ್ದೆ. ಆ ಇಂಗ್ಲಿಷ್ ಮುದುಕರು ಬೆಣ್ಣೆ ಸವರಿದ ಟೋಸ್ಟಿನ ಮೇಲೆ ಕಾಕುವಿನ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತ, ತಮಗಿಂತ ಎರಡೂವರೆ ಶತಮಾನ ಹಿಂದಿನವರ ಬಗ್ಗೆ ಕಾಕು ಆಡುವ ಚಾಡಿಯನ್ನು ಆನಂದದಿಂದ ಕೇಳುತ್ತಿದ್ದರು. ಕಾಕುವಿನ ಬಾಯಲ್ಲಿ ಅವನು ಆಗಲೇ 'ನಮ್ಮ ಮೊರ್ವಾಲಪ್ಪ' ಆಗಿಹೋಗಿದ್ದ.

ಪುಸ್ತಕದ ಏಳನೇ ಅಧ್ಯಾಯ ಮೊರ್ವಾಲನ ಮದುವೆಯದು. ತಡವಾಗಿ, ತನಗಿಂತ ಬಹಳ ಚಿಕ್ಕ ಹುಡುಗಿಯನ್ನು ಮದುವೆಯಾದ. ಆ ಮದುವೆಯ ದಾಖಲೆ ಪ್ಯಾರಿಸಿನಲ್ಲಿ ಎಂದೋ ಸುಟ್ಟುಹೋಗಿತ್ತು. ಪೆಂಬರ್ಟನ್ನರ ರಟ್ಟಿನ ಮೇಲಿದ್ದದ್ದು ಇಷ್ಟೇ: ವಧು ಅವನ ಒಡಹುಟ್ಟಿದವರ ಮಗಳು, ಆದ್ದರಿಂದ ಚರ್ಚಿನ ವಿಶೇಷ ಅನುಮತಿ ತರಬೇಕಾಯಿತು. ಯಾವ ಒಡಹುಟ್ಟಿದವರು ಎಂಬಲ್ಲಿ ಮೂಲ ಕಾಗದ ಹರಿದಿತ್ತಂತೆ.

ಕಾಕು ಒಂದು ಕ್ಷಣವೂ ಯೋಚಿಸಲಿಲ್ಲ. "ಅಕ್ಕನ ಮಗಳು," ಎಂದರು. ನಾನೂ ಯೋಚಿಸಲಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಕಾಕುವಿನ ಅತ್ತೆಮಾವಂದಿರೇ ಹಾಗೆ ಮದುವೆಯಾದವರು. ಅಣ್ಣನ ಮಗಳಾದರೆ ಮಗಳೇ ಆದಳಲ್ಲ, ಆ ಯೋಚನೆ ಬರುವುದಾದರೂ ಎಲ್ಲಿಂದ? ಪೆಂಬರ್ಟನ್ನರಿಗೆ ಎರಡೂ ಒಂದೇ ಸಮ ವಿಚಿತ್ರ. ಇಂಥ ಮದುವೆಗಳನ್ನು ಬಲ್ಲ ಊರಿನಾಕೆ ಹೇಳುತ್ತಿದ್ದಾರೆ ಎಂದು ಒಪ್ಪಿಕೊಂಡರು. ಮೊರ್ವಾಲನಿಗೆ ಒಬ್ಬ ಅಕ್ಕ ಇದ್ದಳು, ಆಕೆಯ ಗಂಡ ರಾಜನ ಖಜಾನೆಯಲ್ಲಿ ಗುಮಾಸ್ತ. ಅಲ್ಲಿಗೆ ಎಲ್ಲವೂ ತಾಳೆಯಾಯಿತು! ಭಾವನೇ ಮಾವನಾದ, ಮಾವ ಖಜಾನೆಯ ಬಾಗಿಲು ತೆರೆದ. ಪೆಂಬರ್ಟನ್ ಆ ಅಧ್ಯಾಯವನ್ನು ನಿಂತೇ ಹೇಳಿ ಬರೆಸಿದರು. ಇಡೀ ಪುಸ್ತಕದಲ್ಲಿ ಅಷ್ಟು ಚೆಂದದ ಅಧ್ಯಾಯ ಇನ್ನೊಂದಿರಲಿಲ್ಲ.

ಒಂದು ಸಣ್ಣ ಪ್ರಕಾಶನ ಪುಸ್ತಕ ಒಪ್ಪಿಕೊಂಡಿತು. ಕರಡು ಬಂತು. ನಕ್ಷೆಯ ಕೆಳಗೆ 'ಮಾಲತಿ ಕುಲಕರ್ಣಿ, ಧಾರವಾಡ' ಅಚ್ಚಾಗಿತ್ತು. ಕಾಕು ಆ ಪುಟದ ಮೇಲೆ ಬೆರಳಾಡಿಸಿ ಕನ್ನಡಕ ಒರೆಸಿಕೊಂಡರು.

ಅದಾಗಿ ಒಂದು ವಾರಕ್ಕೆ, ಮಧ್ಯಾಹ್ನ, ಕಾಕು ಕೋಟು ಕೂಡ ತೆಗೆಯದೆ ನನ್ನ ಮನೆಗೆ ಬಂದು ಕೂತರು.

"ಸುಮಾ, ಅಂವಾ ಅಣ್ಣನ ಮಗಳನ್ನ ಲಗ್ನ ಆಗ್ಯಾನ."

"ಯಾರು ಕಾಕು?"

"ಮೊರ್ವಾಲ! ಇನ್ನ್ಯಾರು? ಹೊಟ್ಟೀಲೆ ಹುಟ್ಟಿದ ಮಗಳಂಥಾಕಿನ್ನ! ಥೂ ಅವನ!"

ಪಕ್ಕದ ಮನೆಯಲ್ಲಿ ನಿನ್ನೆ ನಡೆದ ಹಾಗೆ ಹೇಳಿದ್ದು ಕೇಳಿ ನನಗೆ ನಗು ಬಂತು. ಕಾಕು ನಗಲಿಲ್ಲ. ಚೀಲದಿಂದ ಒಂದು ಕವರ್ ತೆಗೆದರು. ಒಂದು ವರ್ಷದ ಹಿಂದೆ ಪೆಂಬರ್ಟನ್ ಫ್ರಾನ್ಸಿನ ಯಾವುದೋ ಸಣ್ಣ ಊರಿನ ದಾಖಲೆ ಕಚೇರಿಗೆ ಕಾಗದ ಬರೆಸಿದ್ದರು. ಮದುವೆ ಕರಾರಿನ ಇನ್ನೊಂದು ಪ್ರತಿ ಅಲ್ಲಿತ್ತು. ಅದರ ಜೆರಾಕ್ಸ್ ಇವತ್ತು ಟಪಾಲಿನಲ್ಲಿ ಬಂದಿತ್ತು. ಕಾಕುವಿಗೆ ಫ್ರೆಂಚ್ ಬಾರದು. ಆದರೆ ಆರು ವರ್ಷ ಒಡನಾಡಿದ ಹೆಸರುಗಳು ಗುರುತು ಸಿಗದೇ ಇರುತ್ತವೆಯೇ? ವಧು ತವರಿನ ಹೆಸರಲ್ಲಿ ಸಹಿ ಮಾಡಿದ್ದಳು, ಮೊರ್ವಾಲ್ ಎಂದು. ತಂದೆಯ ಜಾಗದಲ್ಲಿ ಮೊರ್ವಾಲನ ಅಣ್ಣನ ಹೆಸರಿತ್ತು. ಖಜಾನೆಯ ಗುಮಾಸ್ತ ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ.

"ನಾ ಕೇಳಲೇ ಇಲ್ಲ," ಎಂದರು ಕಾಕು. ದನಿ ಸಣ್ಣಗಾಗಿತ್ತು. "ಇಲ್ಲಿ ಒಬ್ಬ ಹುಡುಗನ ಸಂಬಂಧ ಹೇಳಬೇಕಾದ್ರ ಮೂರು ಕಡೆ ಫೋನ್ ಮಾಡತೀನಿ. ಇವನಿಗೆ ಒಂದು ಕಡೆನೂ ಕೇಳಲಿಲ್ಲ. ನಮ್ಮ ಮನೀ ಪದ್ಧತಿ ಒಯ್ದು ಅವರ ಮನಿಗೆ ಹಚ್ಚಿಬಿಟ್ಟೆ."

ನಾನು ಆಗ ಹೇಳಿದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಕಾಕು ಒಪ್ಪುತ್ತಿರಲಿಲ್ಲ. "ಕಾಕು, ಈ ಕವರ್ ಪುಸ್ತಕ ಬಂದ ಮೇಲೆ ಬಂತು ಅಂದ್ಕೊಳ್ಳಿ. ಅವರಿಗೆ ಕಣ್ಣು ಕಾಣಲ್ಲ, ಎಂಬತ್ತನಾಲ್ಕು ವರ್ಷ. ಆ ಊರಿಗೆ ಹೋಗಿ ಯಾರು ನೋಡ್ತಾರೆ?" ಎಂದೆ.

ಕಾಕು ಕವರನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. "ಬದುಕಿದ್ದವರ ಸಂಬಂಧ ತಪ್ಪು ಹೇಳಿದ್ರ ಅವರು ಫೋನ್ ಮಾಡಿ ಬೈತಾರ," ಎಂದರು. "ಇವರು ಎಲ್ಲಿಂದ ಮಾಡ್ಯಾರು? ಏಳು, ನಡಿ ನನ್ನ ಜೋಡಿ."

ಪೆಂಬರ್ಟನ್ ಎಂದಿನಂತೆ ಕಿಟಕಿಯ ಪಕ್ಕ ಕೂತಿದ್ದರು. ಕಾಕು ಎದುರಿಗೆ ಕೂತು, ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಿದರು. ತಮ್ಮ ತಪ್ಪು ಹೇಗಾಯಿತು ಎನ್ನುವುದನ್ನೂ ಬಿಡದೆ ಹೇಳಿದರು.

"ಓದುವವರು ಮುನ್ನೂರು ಜನ," ಎಂದರು ಮುದುಕರು. "ಅದರಲ್ಲಿ ಇದನ್ನು ಹುಡುಕುವವನು ಒಬ್ಬನೂ ಇಲ್ಲ. ಹೊಸ ಅಧ್ಯಾಯ ಬರೆಯುವಷ್ಟು ಆಯುಷ್ಯ ನನಗಿಲ್ಲ, ಮಿಸೆಸ್ ಕುಲಕರ್ಣಿ. ಅದು ಇದ್ದ ಹಾಗೇ ಇರಲಿ."

"ಇರಲು ಬರುವುದಿಲ್ಲ," ಎಂದರು ಕಾಕು. ಅವರ ಇಂಗ್ಲಿಷ್ ಯಾವಾಗಲೂ ನೆಟ್ಟಗೆ, ಚಿಕ್ಕದಾಗಿ ಇರುತ್ತಿತ್ತು. "ಆ ಗುಮಾಸ್ತ ಇವನಿಗೆ ಹೆಣ್ಣು ಕೊಟ್ಟಿಲ್ಲ. ಕೊಟ್ಟ ಎಂದು ನಾವು ಬರೆದಿದ್ದೇವೆ."

"ಅದು ನನ್ನ ಪುಸ್ತಕ."

"ಹೌದು. ನಕ್ಷೆ ನನ್ನದು."

ಪೆಂಬರ್ಟನ್ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡರು. "ಗುಡ್ ಆಫ್ಟರ್‌ನೂನ್, ಮಿಸೆಸ್ ಕುಲಕರ್ಣಿ," ಎಂದರು. ಆ ದೇಶದಲ್ಲಿ ಹೊರಗೆ ನಡೆ ಎನ್ನುವುದು ಹಾಗೆ.

ಎರಡು ದಿನ ಬಿಟ್ಟು ಕೌನ್ಸಿಲ್‌ನಿಂದ ಫೋನ್ ಬಂತು. ಸ್ಟ್ಯಾನ್ಮೋರಿನ ಮನೆಗೆ ಬೇರೆಯವರನ್ನು ಹಾಕಲಾಗಿದೆ, ನೀವು ಇನ್ನು ಹೋಗಬೇಕಿಲ್ಲ. ಕಾಕು ಸರಿ ಎಂದು ಫೋನಿಟ್ಟರು. ಆಮೇಲೆ ನನ್ನ ಹತ್ತಿರ ಬಂದು ಪ್ರಕಾಶಕರಿಗೆ ಒಂದು ಕಾಗದ ಬರೆಸಿದರು. ಮೂರೇ ಸಾಲು. ನಕ್ಷೆಯಲ್ಲಿ ಒಂದು ಸಂಬಂಧ ತಪ್ಪಾಗಿದೆ. ಪುಸ್ತಕ ಹೇಗೆ ಬರಬೇಕೆನ್ನುವುದು ಲೇಖಕರಿಗೆ ಬಿಟ್ಟದ್ದು. ನಕ್ಷೆಯ ಕೆಳಗಿನ ನನ್ನ ಹೆಸರನ್ನು ದಯವಿಟ್ಟು ತೆಗೆಯಿರಿ.

ನಾನು ಟೈಪ್ ಮಾಡಿಕೊಟ್ಟೆ. ಆ ಹೆಸರಿನ ಆಸೆ ಎಷ್ಟಿತ್ತೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಕು ಸಹಿ ಹಾಕಿ, ಅಂಚೆಚೀಟಿ ಹಚ್ಚಿ, ತಾವೇ ಹೋಗಿ ಡಬ್ಬಿಗೆ ಹಾಕಿ ಬಂದರು. ಆ ವರ್ಷದ ಯುಗಾದಿಗೆ ಹಾಲ್‌ಗೆ ಬರಲಿಲ್ಲ. ಮೊಣಕಾಲು ನೋವು ಎಂದರು. ಆರು ವರ್ಷ ಪ್ರತಿದಿನ ಕಂಡ ಮನುಷ್ಯನನ್ನು ಕಳೆದುಕೊಂಡ ನೋವಿಗೆ ಆ ಹೆಸರು ಕೊಟ್ಟಿದ್ದರು. ಪೆಂಬರ್ಟನ್ನರ ಹೆಸರನ್ನೇ ಅವರು ಎತ್ತುತ್ತಿರಲಿಲ್ಲ, ನಾನೂ ಎತ್ತಲು ಹೆದರುತ್ತಿದ್ದೆ.

ಐದನೇ ವಾರ ಫೋನ್ ಬಂತು. ನಾನು ಅಲ್ಲೇ ಇದ್ದೆ. ಮುದುಕರ ದನಿ ಗಟ್ಟಿಯಾದದ್ದು, ಆಚೆ ಕೂತವರಿಗೂ ಕೇಳುತ್ತಿತ್ತು.

"ನಿಮ್ಮ ಹೆಸರಿಲ್ಲದ ನಕ್ಷೆ ನನಗೆ ಬೇಡ, ಮಿಸೆಸ್ ಕುಲಕರ್ಣಿ. ಏಳನೇ ಅಧ್ಯಾಯ ತೆಗೆಸಿದ್ದೇನೆ. ಅಲ್ಲಿ ಏನು ಹಾಕಬೇಕು ಬಂದು ಹೇಳಿ." ಸ್ವಲ್ಪ ತಡೆದು, "ಆ ಪುಡಿಯೂ ಮುಗಿದಿದೆ," ಎಂದರು.

ಕಾಕು ಫೋನಿಟ್ಟು ಅಡಿಗೆಮನೆಗೆ ಹೋದರು. ಶೇಂಗಾ ಹುರಿಯುವ ವಾಸನೆ ಬಂತು. ನಾನು ಒಳಗೆ ಹೋದಾಗ ಒಗ್ಗರಣೆಯೂ ಇಲ್ಲದ ಬಾಣಲೆಯ ಮುಂದೆ ಕಣ್ಣು ಮೂಗು ಒರೆಸಿಕೊಳ್ಳುತ್ತ, "ಖಾರ ಜೋರಾತು," ಎಂದರು.

ಪುಸ್ತಕ ಆ ವರ್ಷದ ಕೊನೆಗೆ ಬಂತು, ತಿದ್ದಿದ ನಕ್ಷೆಯ ಕೆಳಗೆ ಕಾಕುವಿನ ಹೆಸರಿನೊಂದಿಗೆ. ಏಳನೇ ಅಧ್ಯಾಯ ಒಂದೇ ಪುಟ. ಮೊರ್ವಾಲ್ ತನ್ನ ಅಣ್ಣನ ಮಗಳನ್ನು ಮದುವೆಯಾದ, ಆಸ್ತಿ ಮನೆಯಲ್ಲೇ ಉಳಿಯಿತು, ಆದರೆ ಖಜಾನೆಯ ಬಾಗಿಲು ಅವನಿಗೆ ಹೇಗೆ ತೆರೆಯಿತೋ ನಮಗೆ ಗೊತ್ತಿಲ್ಲ ಎಂದಷ್ಟೇ ಇದೆ. ಪುಸ್ತಕದುದ್ದಕ್ಕೂ ಪೆಂಬರ್ಟನ್ 'ನಾನು' ಎಂದು ಬರೆಸಿದ್ದಾರೆ. ಆ ಒಂದು ಪುಟದಲ್ಲಿ ಮಾತ್ರ 'ನಮಗೆ' ಎಂದಿದೆ. ಮರುವರ್ಷದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಪಕ್ಕದಲ್ಲಿದ್ದದ್ದು ಕಾಕು.

ಕಾಕು ಹೋದದ್ದು ಅದಾಗಿ ಮೂರು ವರ್ಷಕ್ಕೆ, ಎರಡು ಸಾವಿರದ ಆರರಲ್ಲಿ. ಹೃದಯದ ತೊಂದರೆ. ಆಸ್ಪತ್ರೆಗೆ ನಾನು ಓಡಿಹೋದಾಗ ಮಧ್ಯಾಹ್ನ ಮೂರು ಗಂಟೆ. ಮಗ ಲೀಡ್ಸ್‌ನಿಂದ ಹೊರಟಿದ್ದ. ಆ ವಾರ್ಡಿನಲ್ಲಿ ಮನೆಯವರಿಗೆ ಮಾತ್ರ ಪ್ರವೇಶ. ಬಾಗಿಲಲ್ಲಿ ನರ್ಸ್ ನನ್ನನ್ನು ತಡೆದು, ಕೈಯಲ್ಲಿ ಫಾರ್ಮ್ ಹಿಡಿದು, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. ನಾನು ಪಕ್ಕದ, ಅಂದರೆ ಮೇಲಿನ ಫ್ಲಾಟಿನ, ಎಂದು ತೊದಲುತ್ತಿದ್ದೆ.

ಹಾಸಿಗೆಯಿಂದ ಕಾಕುವಿನ ದನಿ ಬಂತು. ಆಮ್ಲಜನಕದ ಮುಖವಾಡ ಸರಿಸಿ, ನೆಟ್ಟಗಿನ, ಚಿಕ್ಕ ಇಂಗ್ಲಿಷಿನಲ್ಲಿ, "ನನ್ನ ತಂಗಿಯ ಮಗಳು," ಎಂದರು.

ಕಾಕುವಿಗೆ ತಂಗಿಯರಿರಲಿಲ್ಲ. ನಾಲ್ಕು ಜನ ಅಣ್ಣತಮ್ಮಂದಿರ ನಡುವೆ ಒಬ್ಬಳೇ ಹೆಣ್ಣು. ಅಣ್ಣನ ಮಗಳು ಎಂದಿದ್ದರೆ ನಾನು ಸೊಸೆಯಾಗುತ್ತಿದ್ದೆ, ತಂಗಿಯ ಮಗಳೆಂದರೆ ಮಗಳೇ. ನರ್ಸ್ ಬರೆದುಕೊಂಡು ನನ್ನನ್ನು ಒಳಗೆ ಬಿಟ್ಟಳು.

ಕೈ ಹಿಡಿದುಕೊಂಡು ಕೂತೆ. "ಕಾಕು, ಅವಳು ಬರ್ಕೊಂಡ್ಬಿಟ್ಲು," ಎಂದೆ.

"ಬರಕೊಳ್ಳಲಿ," ಎಂದರು. ಕಣ್ಣು ಮುಚ್ಚಿಯೇ ಇತ್ತು. "ವಿಚಾರ ಮಾಡೇ ಹೇಳೀನಿ."

ಐದು ಗಂಟೆಗೆ ಮಗ ಬಂದ. ಅಷ್ಟರಲ್ಲಿ ಅವರು ಮಾತು ಬಿಟ್ಟಿದ್ದರು. ಮುಗಿದ ಮೇಲೆ ಅದೇ ನರ್ಸ್ ಬಂದು ನನಗೂ ಸಂತಾಪ ಹೇಳಿ, ಸಾಮಾನು ಒಯ್ಯಲು ಸಹಿ ಬೇಕೆಂದು ಫಾರ್ಮ್ ಮುಂದಿಟ್ಟಳು. ಸಂಬಂಧ ಎಂಬಲ್ಲಿ 'ತಂಗಿಯ ಮಗಳು' ಎಂದಿತ್ತು. ನಾನು ಅದರ ಕೆಳಗೆ ಸಹಿ ಹಾಕಿದೆ.